ನಾಟಕ ಅನ್ನೋ ಮೊದಲು

ಮಗಳ ಕೈಮೇಲೆ ಗಾಯದ ಗುರುತು ಕಂಡ ದಿನ ಮನೆಯಲ್ಲಿ ಏನಾಗುತ್ತೆ ಹೇಳಿ? ಅಮ್ಮ ಅಳ್ತಾರೆ. ಅಪ್ಪ ಕೂಗಾಡ್ತಾರೆ. "ನಿನಗೇನು ಕಮ್ಮಿ ಮಾಡಿದ್ದೀವಿ?" ಅನ್ನೋ ಪ್ರಶ್ನೆ ಬರುತ್ತೆ, ಮೊಬೈಲ್ ಕಿತ್ಕೊಳ್ಳೋದೂ ಆಗುತ್ತೆ. ಕೊನೆಗೆ ಒಂದು ತೀರ್ಪು: "ಇದೆಲ್ಲಾ ನಾಟಕ." ವೀಕ್ಷಕರೇ, ಇವತ್ತು ನಾನು ಮಾತಾಡಬೇಕು ಅಂತಿರೋದು ಆ ತೀರ್ಪಿನ ಬಗ್ಗೆ.

ತನ್ನ ದೇಹಕ್ಕೆ ತಾನೇ ಗಾಯ ಮಾಡಿಕೊಳ್ಳೋದು ಸಾಮಾನ್ಯವಾಗಿ ಶುರುವಾಗೋದು 12ರಿಂದ 14ನೇ ವಯಸ್ಸಿನ ಆಸುಪಾಸಿನಲ್ಲಿ. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹದಿಹರೆಯದವರಲ್ಲಿ ಶೇಕಡಾ 17ರಷ್ಟು ಮಂದಿ ಒಮ್ಮೆಯಾದರೂ ಹೀಗೆ ಮಾಡಿಕೊಂಡಿದ್ದಾರೆ. ಅವರಲ್ಲಿ ಹುಡುಗರೂ ಇದ್ದಾರೆ, ಹುಡುಗಿಯರೂ ಇದ್ದಾರೆ. ಹೆಚ್ಚಿನವರು ಗಾಯವನ್ನು ಮುಚ್ಚಿಡ್ತಾರೆ. ನಾಟಕ ಆಡೋರು ಪ್ರೇಕ್ಷಕರಿಂದ ಬಚ್ಚಿಟ್ಟುಕೊಂಡು ಆಡ್ತಾರಾ? ಯೋಚನೆ ಮಾಡಿ.

ಹಾಗಾದರೆ ಯಾಕೆ ಮಾಡ್ಕೊಳ್ತಾರೆ? ಮನೋವೈದ್ಯರು ಹೇಳೋದು ಇಷ್ಟು. ಸಿಟ್ಟು, ಅವಮಾನ, ಒಂಟಿತನ ಉಕ್ಕಿ ಬಂದಾಗ ಅದನ್ನು ತಡೆದುಕೊಳ್ಳೋ ಬೇರೆ ದಾರಿ ಆ ಮಗುವಿಗೆ ಗೊತ್ತಿರಲ್ಲ. ಗಾಯ ಮಾಡಿಕೊಂಡಾಗ ಆ ಒತ್ತಡ ಸ್ವಲ್ಪ ಹೊತ್ತು ತಗ್ಗಿದ ಹಾಗೆ ಅನ್ನಿಸುತ್ತೆ. ಆಮೇಲೆ ನಾಚಿಕೆ, ಅಪರಾಧಿ ಭಾವ. ಆ ನಾಚಿಕೆಯಿಂದ ಮತ್ತೆ ಒತ್ತಡ. ಚಕ್ರ ತಿರುಗ್ತಾ ಹೋಗುತ್ತೆ. ಈಗ ಹೇಳಿ, ನಾವು ಬೈದರೆ, ಹಂಗಿಸಿದರೆ ಆ ಚಕ್ರ ನಿಲ್ಲುತ್ತಾ? ಇನ್ನೂ ಜೋರಾಗುತ್ತೆ.

ಇನ್ನೊಂದು ಗೊಂದಲ ಇದೆ. ಇದು ಆತ್ಮಹತ್ಯೆ ಯತ್ನವಾ? ಎಷ್ಟೋ ಸಲ ಅಲ್ಲ. ಸಾಯುವ ಉದ್ದೇಶವಿಲ್ಲದ ಸ್ವಯಂ-ಹಾನಿಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ, ಮುಂದೆ ಅಧ್ಯಯನ ಆಗಬೇಕಾದ ಪ್ರತ್ಯೇಕ ಸ್ಥಿತಿ ಅಂತ ಗುರುತಿಸಿತು. ಹಾಗಂತ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ. ಹೀಗೆ ಮಾಡಿಕೊಳ್ಳೋರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಅದಕ್ಕೇ ವೈದ್ಯರ ಹತ್ತಿರ ಹೋಗಲೇಬೇಕು.

ಚಿಕಿತ್ಸೆ ಇದೆಯಾ? ಇದೆ. ಅದರ ಹಿಂದೆ ಒಬ್ಬ ಹೆಣ್ಣುಮಗಳ ಕಥೆಯೂ ಇದೆ. 1961ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಮಾನಸಿಕ ಆಸ್ಪತ್ರೆಗೆ 17 ವರ್ಷದ ಹುಡುಗಿಯೊಬ್ಬಳು ದಾಖಲಾದಳು. ತನಗೆ ತಾನೇ ಹಾನಿ ಮಾಡಿಕೊಳ್ತಿದ್ದ ಆಕೆ ಅಲ್ಲಿದ್ದದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ. ಹೊರಗೆ ಬಂದ ಮೇಲೆ ಓದಿ ಮನಶ್ಶಾಸ್ತ್ರಜ್ಞೆಯಾದರು. ಹೆಸರು ಮಾರ್ಷಾ ಲಿನೆಹನ್. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅವರು ರೂಪಿಸಿದ ಚಿಕಿತ್ಸೆಗೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಅಂತ ಹೆಸರು, ಚಿಕ್ಕದಾಗಿ ಡಿಬಿಟಿ. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಡಿಬಿಟಿ ಪಡೆದ ಮಹಿಳೆಯರು ಹಾನಿ ಮಾಡಿಕೊಳ್ಳೋದು ಕಡಿಮೆಯಾಯಿತು. ತಮ್ಮ ಕಥೆಯನ್ನು ಅವರು ಬಹಿರಂಗವಾಗಿ ಹೇಳಿದ್ದು 2011ರಲ್ಲಿ, ತಾವು ರೋಗಿಯಾಗಿದ್ದ ಅದೇ ಆಸ್ಪತ್ರೆಯಲ್ಲಿ ನಿಂತು.

ಈ ಚಿಕಿತ್ಸೆಯ ತಿರುಳು ನಮ್ಮ ಮನೆಗಳಿಗೂ ಅನ್ವಯಿಸುತ್ತೆ. "ಬದಲಾಗು, ಬದಲಾಗು" ಅಂತಷ್ಟೇ ಹೇಳಿದರೆ ನೊಂದವರು ಮುಚ್ಚಿಕೊಳ್ತಾರೆ. "ಪರವಾಗಿಲ್ಲ ಬಿಡು" ಅಂದರೆ ಕೈಬಿಟ್ಟ ಹಾಗೆ ಅನ್ನಿಸುತ್ತೆ. ನಿನ್ನ ನೋವು ನಿಜ ಅಂತ ಒಪ್ಪಬೇಕು, ಬೇರೆ ದಾರಿಯನ್ನೂ ಕಲಿಸಬೇಕು. ಎರಡೂ ಒಟ್ಟಿಗೆ. ಹಾಗಾಗಿ ಡಿಬಿಟಿಯಲ್ಲಿ ನಾಲ್ಕು ಕೌಶಲಗಳನ್ನು ಪಾಠದ ಹಾಗೆ ಕಲಿಸ್ತಾರೆ: ಈ ಕ್ಷಣವನ್ನು ಗಮನಿಸೋದು, ಸಂಕಟ ಇಳಿಯೋವರೆಗೆ ತಡೆದುಕೊಳ್ಳೋದು, ಭಾವನೆಗಳನ್ನು ಸಂಭಾಳಿಸೋದು, ಸಂಬಂಧ ಕೆಡದ ಹಾಗೆ ತನಗೆ ಬೇಕಾದ್ದನ್ನು ಕೇಳೋದು. ಈಜು ಕಲಿತ ಹಾಗೆ, ಅಭ್ಯಾಸ ಬೇಕು, ಸಮಯ ಬೇಕು.

ಮಾತ್ರೆ ಸಾಲದಾ? ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಸ್ವಯಂ-ಹಾನಿ ನಿಲ್ಲಿಸೋದಕ್ಕೆ ಅಂತಲೇ ಔಷಧಿ ಕೊಡಬೇಡಿ, ಮಾತಿನ ಚಿಕಿತ್ಸೆ ಕೊಡಿ. ಜೊತೆಗೆ ಖಿನ್ನತೆಯಂಥ ಕಾಯಿಲೆ ಇದ್ದರೆ ಅದಕ್ಕೆ ವೈದ್ಯರು ಔಷಧಿ ಕೊಡಬಹುದು. ಈಗಾಗಲೇ ಮಾತ್ರೆ ತಗೊಳ್ತಿರೋರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬೇಡಿ.

"ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ" ಅನ್ನೋ ಭಯ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಓದಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಮೊದಲು ಭಾವಿಸುತ್ತೆ. ಅವರಿಗೆ ಆರೈಕೆ ಕೊಡೋದು ಸರ್ಕಾರದ ಕರ್ತವ್ಯ ಅನ್ನುತ್ತೆ. ಕಾನೂನೇ ಕರುಣೆ ತೋರಿಸಿರುವಾಗ ಮನೆಯವರು ನ್ಯಾಯಾಧೀಶರಾಗಿ ಕೂರೋದು ಎಷ್ಟು ಸರಿ?

ಇಂಥ ಸುದ್ದಿಯಲ್ಲಿ ಗಾಯದ ಚಿತ್ರ, ಹೇಗೆ ಮಾಡಿಕೊಂಡರು ಅನ್ನೋ ವಿವರ ತೋರಿಸಬಾರದು ಅನ್ನೋದು ನನ್ನ ನಿಲುವು. ನೋಡ್ತಿರೋ ಇನ್ನೊಂದು ಮಗುವಿಗೆ ಅದೇ ಪಾಠ ಆಗಬಹುದು.

ಹೆತ್ತವರಿಗೆ ನಾನು ಹೇಳೋದು ಇಷ್ಟೇ. ಗುರುತು ಕಂಡರೆ ಮೊದಲು ಗಾಯಕ್ಕೆ ಚಿಕಿತ್ಸೆ ಕೊಡಿಸಿ. ಪಕ್ಕದಲ್ಲಿ ಕೂತ್ಕೊಳ್ಳಿ. "ತುಂಬಾ ಕಷ್ಟ ಆಗ್ತಿದೆಯಾ?" ಅಂತ ಮೆತ್ತಗೆ ಕೇಳಿ. ಸಾಯಬೇಕು ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಬಹುದು. ಕೇಳಿದ್ದರಿಂದಲೇ ಆ ಯೋಚನೆ ಹುಟ್ಟಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಎಲ್ಲಿಗೆ ಹೋಗೋದು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಸಿಗುತ್ತೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೋವಲ್ಲಿರೋರು ನೀವೇ ಆಗಿದ್ದರೂ ಅದೇ ನಂಬರ್.