ಗಡಿಗುಡ್ಡದ ಚಿರತೆಗೆ ಕಾವಲು ಯಾರು?

ಕರ್ನಾಟಕದ ಗಡಿಗೆ ಅಂಟಿದ ಆಂಧ್ರದ ರಾಯದುರ್ಗದಲ್ಲಿ ಕೋಟೆಗುಡ್ಡ ಹತ್ತಿ ನೋಡಿದರೆ ದಟ್ಟ ಕಾಡು ಕಾಣುವುದಿಲ್ಲ. ಕಾಣುವುದು ಹೆಬ್ಬಂಡೆ, ಕುರುಚಲು, ಅದರಾಚೆ ಶೇಂಗಾ ಹೊಲ. ದಕ್ಷಿಣಕ್ಕೆ ಮಡಕಶಿರಾದಲ್ಲೂ ಇಂಥದೇ ಗುಡ್ಡಸಾಲು. ಈ ಬಂಡೆಗಳ ಸಂದುಗೊಂದುಗಳೇ ಚಿರತೆಯ ಮನೆ. ಮೊಲ, ಮುಳ್ಳುಹಂದಿ, ನವಿಲು ಸಿಕ್ಕರೆ ಅದಕ್ಕೆ ಊರಿನ ಹಂಗಿಲ್ಲ; ಸಿಗದಿದ್ದರೆ ಬೀದಿನಾಯಿ, ರೊಪ್ಪದ ಕುರಿ.

2022ರ ಗಣತಿಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿದ್ದವು. ಕರ್ನಾಟಕದಲ್ಲಿ 1,879, ಆಂಧ್ರದಲ್ಲಿ 569. ಆ ಗಣತಿ ನಡೆದದ್ದು ಮುಖ್ಯವಾಗಿ ಹುಲಿಯಿರುವ ರಾಜ್ಯಗಳ ಕಾಡುಗಳಲ್ಲಿ. ಒಣಸೀಮೆಯನ್ನು ಅದು ಒಳಗೊಂಡಿರಲಿಲ್ಲ. ಲೆಕ್ಕಕ್ಕೇ ಸಿಗದ ಪ್ರಾಣಿ ಸತ್ತರೆ ಕೇಳುವವರು ಕಡಿಮೆ.

ಕಾನೂನೇನೋ ಬಿಗಿಯಾಗಿಯೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಚಿರತೆಯನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಆದರೂ 2001ರಿಂದ 2010ರವರೆಗೆ ದೇಶದಲ್ಲಿ ವಾರಕ್ಕೆ ಕನಿಷ್ಠ ನಾಲ್ಕು ಚಿರತೆಗಳು ಚರ್ಮ, ಉಗುರು, ಮೂಳೆಯ ದಂಧೆಗೆ ಬಲಿಯಾದವೆಂದು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ‘ಟ್ರಾಫಿಕ್’ ಸಂಸ್ಥೆ ಅಂದಾಜಿಸಿತ್ತು.

ಚಿರತೆ ಸಾಯಲು ಬಂದೂಕೇ ಬೇಕಿಲ್ಲ. ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಿಂದ ಒಡ್ಡಿದ ಉರುಳು ಅದರ ಸೊಂಟವನ್ನೂ ಬಿಗಿಯುತ್ತದೆ. ಬೇಲಿಗೆ ಕೊಟ್ಟ ಕರೆಂಟು ಯಾವ ಪ್ರಾಣಿಯೆಂದು ನೋಡುವುದಿಲ್ಲ. ಹಿಡಿದ ಬೇಟೆಯನ್ನು ತಿಂದು ಮುಗಿಸಲು ಚಿರತೆ ಮತ್ತೆ ಬರುವುದುಂಟು. ಅದು ಗೊತ್ತಿದ್ದವರು ಸಿಟ್ಟಿನಲ್ಲಿ ಕಳೇಬರಕ್ಕೆ ವಿಷ ಹಾಕುತ್ತಾರೆ. ಕುರಿ ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಮಗಳ ಮದುವೆ, ಮಗನ ಫೀಜು ಎಲ್ಲಕ್ಕೂ ಅವನಿಗಿರುವುದು ಅದೇ ಹಿಂಡು.

ಇದರ ಮೇಲೆ ಗಡಿಯ ತೊಡಕು. ಮಡಕಶಿರಾದ ಆಚೆ ಕರ್ನಾಟಕದ ಪಾವಗಡ, ಶಿರಾ. ರಾಯದುರ್ಗದ ಆಚೆ ಮೊಳಕಾಲ್ಮೂರು, ಬಳ್ಳಾರಿ. ಆಂಧ್ರದೊಳಗೂ ಇವೆರಡು ಈಗ ಬೇರೆ ಬೇರೆ ಜಿಲ್ಲೆ: 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಒಂದೇ ರಾತ್ರಿ ಎರಡು ರಾಜ್ಯ ಸುತ್ತಬಲ್ಲ ಪ್ರಾಣಿಯನ್ನು ಕಾಯಲು ಎರಡೂ ಕಡೆಯ ಅರಣ್ಯ ಇಲಾಖೆಗಳು ಒಟ್ಟಾಗಿ ಗಸ್ತು ತಿರುಗಬೇಕು, ಉರುಳು ಹುಡುಕಿ ಕೀಳಬೇಕು, ಬಂಡೆಗುಡ್ಡಗಳನ್ನು ಕಲ್ಲುಗಣಿಗೆ ಬಿಟ್ಟುಕೊಡದೆ ಉಳಿಸಬೇಕು.

ಎಲ್ಲಕ್ಕಿಂತ ಮೊದಲು ಗಟ್ಟಿಯಾಗಬೇಕಾದದ್ದು ಕುರಿರೊಪ್ಪ. ಎತ್ತರದ ಬೇಲಿ, ಮೇಲೊಂದು ಜಾಲರಿ, ರಾತ್ರಿ ಬೆಳಕು ಇದ್ದರೆ ನಷ್ಟ ತಗ್ಗುತ್ತದೆ. ಹಾಗಿದ್ದೂ ಕುರಿ ಸತ್ತರೆ ಕಳೇಬರ ಮುಟ್ಟದೆ ಅರಣ್ಯ ಸಿಬ್ಬಂದಿಗೆ ತಿಳಿಸಿ, ಪರಿಹಾರ ಕೇಳಿ. ಆ ಹಣವನ್ನು ಅಲೆದಾಡಿಸದೆ ಕೈಗಿಡುವುದು ಸರ್ಕಾರದ ಹೊಣೆ. ಕುರಿಗಾಹಿಗೆ ನ್ಯಾಯ ಸಿಗದ ಊರಿನಲ್ಲಿ ಚಿರತೆ ಉಳಿಯದು.