ಹಸಿ ವೆನಿಲ್ಲಾ ಬೀನ್ಸ್‌ಗೆ ಪರಿಮಳ ಯಾಕಿಲ್ಲ? ಫೀನಾಲಿಕ್ ಗ್ಲೈಕೋಸೈಡ್‌ಗಳ ಲೆಕ್ಕಾಚಾರ

ಭದ್ರಾವತಿ ಕಡೆ ಅಡಿಕೆ ತೋಟದ ನಡುವೆ ವೆನಿಲ್ಲಾ ಬಳ್ಳಿ ಉಳಿಸಿಕೊಂಡಿರುವ ರೈತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಹಸಿ ಬೀನ್ಸ್ ಮುರಿದು ಮೂಸಿದರೆ ಪರಿಮಳವೇ ಇಲ್ಲವಲ್ಲ, ಯಾಕೆ?"

ಪರಿಮಳ ಇದೆ, ಆದರೆ ಬೀಗ ಹಾಕಿಕೊಂಡಿದೆ. ಪರಿಮಳ ಕೊಡುವ ವೆನಿಲಿನ್ ಒಂದು ಫೀನಾಲ್ ಜಾತಿಯ ವಸ್ತು. ಹಸಿ ಕಾಯಿಯಲ್ಲಿ ಅದಕ್ಕೆ ಗ್ಲೂಕೋಸ್ ಸಕ್ಕರೆ ಅಂಟಿಕೊಂಡಿರುತ್ತದೆ. ಈ ಜೋಡಿಗೆ ಗ್ಲೂಕೋವೆನಿಲಿನ್ ಅಂತ ಹೆಸರು. ಹೀಗೆ ಫೀನಾಲ್‌ಗೆ ಸಕ್ಕರೆ ಸೇರಿದ ವಸ್ತುಗಳೇ ಫೀನಾಲಿಕ್ ಗ್ಲೈಕೋಸೈಡ್‌ಗಳು.

ವಿಂಗಡಿಸುವುದು ಹೇಗೆ?

ಮೊದಲನೆಯದಾಗಿ, ಸಕ್ಕರೆ ಬಿಟ್ಟು ಉಳಿಯುವ ಭಾಗ ಯಾವುದು ಅಂತ ನೋಡುತ್ತಾರೆ.

- ಸರಳ ಫೀನಾಲ್‌ಗಳು: ವೆನಿಲ್ಲಾದ ಗ್ಲೂಕೋವೆನಿಲಿನ್, ವಿಲೋ ಮರದ ತೊಗಟೆಯ ಸ್ಯಾಲಿಸಿನ್.
- ಫ್ಲೇವನಾಯ್ಡ್‌ಗಳು: ಚಕ್ಕೋತದ ಕಹಿಗೆ ಕಾರಣವಾದ ನರಿಂಜಿನ್.
- ಆಂಥೋಸಯನಿನ್‌ಗಳು: ಶಿವಮೊಗ್ಗ ಪೇಟೆಯಲ್ಲಿ ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ.
- ಆಂಥ್ರಾಕ್ವಿನೋನ್ ಗುಂಪು: ಭೇದಿಗೆ ಕೊಡುವ ಸೋನಾಮುಖಿ ಎಲೆಯ ಸೆನೊಸೈಡ್.

ಎರಡನೆಯದಾಗಿ, ಸಕ್ಕರೆ ಅಂಟಿರುವ ಬಗೆ ನೋಡುತ್ತಾರೆ. ಆಮ್ಲಜನಕದ ಮೂಲಕ ಅಂಟಿದ್ದರೆ ಕಿಣ್ವ ಸುಲಭವಾಗಿ ಬಿಡಿಸುತ್ತದೆ. ಲೋಳೆಸರದ ಕಹಿ ಅಲೋಯಿನ್‌ನಲ್ಲಿ ಇರುವಂತೆ ನೇರ ಇಂಗಾಲಕ್ಕೇ ಅಂಟಿದ್ದರೆ ಬಿಡಿಸುವುದು ಕಷ್ಟ. ಗ್ಲೂಕೋವೆನಿಲಿನ್ ಸುಲಭದ ಜಾತಿ. ನಮ್ಮ ಪುಣ್ಯ!

ತೋಟದಲ್ಲಿ ಇದರ ಉಪಯೋಗ

ಬೀಗದ ಕೈ ಕೂಡ ಕಾಯಿಯಲ್ಲೇ ಇದೆ. ಅದು ಬೀಟಾ-ಗ್ಲೂಕೋಸಿಡೇಸ್ ಎಂಬ ಕಿಣ್ವ. ಆದರೆ ಹಸಿ ಕಾಯಿಯಲ್ಲಿ ಎರಡೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಸುಮಾರು 63ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 3 ನಿಮಿಷ ಅದ್ದಿದರೆ ಜೀವಕೋಶ ಒಡೆದು ಎರಡೂ ಸೇರುತ್ತವೆ. ಆಮೇಲೆ ಕಂಬಳಿಯಲ್ಲಿ ಸುತ್ತಿ ಬೆವರಿಸಿದಾಗ ಸಕ್ಕರೆ ಕಳಚಿ ವೆನಿಲಿನ್ ಹೊರಬರುತ್ತದೆ. ಕುದಿಯುವ ನೀರಿಗೆ ಹಾಕಿದರೆ ಕಿಣ್ವವೇ ಸತ್ತು, ಬೀಗ ಬೀಗವಾಗಿಯೇ ಉಳಿಯುತ್ತದೆ. ಹಾಗಾಗಿ ಕೈ ಅಂದಾಜು ಬೇಡ, ಥರ್ಮಾಮೀಟರ್ ಇಟ್ಟುಕೊಳ್ಳಿ.

ಇನ್ನೊಂದು ಮಾತು. 2003ರ ಸುಮಾರಿಗೆ ಹಸಿ ಬೀನ್ಸ್ ಬೆಲೆ ಕಿಲೋಗೆ 3000 ರೂಪಾಯಿ ದಾಟಿದಾಗ, ಕಳ್ಳರ ಭಯಕ್ಕೆ ಎಳೆಯದನ್ನೇ ಕೊಯ್ದು ಮಾರಿದವರಿದ್ದರು. ಪರಾಗಸ್ಪರ್ಶ ಮಾಡಿದ ಮೇಲೆ ಕಾಯಿ ಬಲಿಯಲು 8–9 ತಿಂಗಳು ಬೇಕು. ಗ್ಲೂಕೋವೆನಿಲಿನ್ ಚೆನ್ನಾಗಿ ತುಂಬಿಕೊಳ್ಳುವುದು ಕೊನೆಯ ತಿಂಗಳುಗಳಲ್ಲಿ. ಎಳೆಯ ಕಾಯಲ್ಲಿ ಬೀಗದೊಳಗೆ ಏನೂ ಇಲ್ಲದಿದ್ದರೆ ಎಷ್ಟು ಸಂಸ್ಕರಿಸಿ ಏನು ಪ್ರಯೋಜನ? ಸುಮಾರು 6 ಕಿಲೋ ಹಸಿ ಬೀನ್ಸ್‌ಗೆ 1 ಕಿಲೋ ಒಣ ಬೀನ್ಸ್ ಸಿಗುವುದು. ಕೃತಕ ವೆನಿಲಿನ್ ಅಗ್ಗಕ್ಕೆ ಸಿಗುವ ಈ ಕಾಲದಲ್ಲಿ ಪರಿಮಳ ಕಡಿಮೆಯಾದ ಬೀನ್ಸ್ ಕೇಳುವವರಿಲ್ಲ.

ಕಾಯಿಯ ತುದಿ ಹಳದಿಗೆ ತಿರುಗಲಿ. ಅದು ಸೀಳುವ ಮೊದಲು ಕೊಯ್ಯಿರಿ. ಬಳ್ಳಿಯಲ್ಲಿ ಎಲ್ಲವೂ ಒಟ್ಟಿಗೆ ಬಲಿಯುವುದಿಲ್ಲ, ಆರಿಸಿ ಆರಿಸಿ ಕೊಯ್ಯುವುದೇ ಸರಿ.