‘ರಿಜೆಕ್ಟ್’: ಪದದ ಮೂಲ ಮತ್ತು ವ್ಯವಹಾರದಲ್ಲಿ ಅದರ ಅರ್ಥ

ರಾಜಾಜಿನಗರ ಕೈಗಾರಿಕಾ ಪ್ರದೇಶದಿಂದ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳವರೆಗಿನ ಸಣ್ಣ ಘಟಕಗಳಲ್ಲಿ ‘ರಿಜೆಕ್ಟ್’ ಎಂಬ ಆಂಗ್ಲ ಪದ ಕೇಳಿಬರದ ದಿನವಿಲ್ಲ. ‘ಮಾಲು ರಿಜೆಕ್ಟ್ ಆಗಿದೆ’ ಎಂಬ ಒಂದು ದೂರವಾಣಿ ಕರೆ ಆ ವಾರದ ಬಟವಾಡೆಯನ್ನೇ ಅಸ್ತವ್ಯಸ್ತಗೊಳಿಸಬಲ್ಲದು.

ಈ ಕ್ರಿಯಾಪದದ ಮೂಲ ಲ್ಯಾಟಿನ್. ‘ರೆ’ ಎಂದರೆ ಹಿಂದಕ್ಕೆ, ‘ಇಯಾಕೆರೆ’ ಎಂದರೆ ಎಸೆಯುವುದು. ಒಟ್ಟಿಗೆ, ಹಿಂದಕ್ಕೆ ಎಸೆಯುವುದು. ಇಂಗ್ಲಿಷಿಗೆ ಇದು 15ನೆಯ ಶತಮಾನದಲ್ಲಿ ಬಂದಿತು. ಒಳಕ್ಕೆ ಎಸೆಯುವ ‘ಇಂಜೆಕ್ಷನ್’, ಮುಂದಕ್ಕೆ ಎಸೆಯುವ ‘ಪ್ರಾಜೆಕ್ಟ್’, ಎದುರಿಗೆ ಎಸೆಯುವ ‘ಅಬ್ಜೆಕ್ಷನ್’ ಇವೆಲ್ಲ ಅದೇ ಧಾತುವಿನವು. ಕನ್ನಡದಲ್ಲಿ ಇದಕ್ಕೆ ‘ತಿರಸ್ಕರಿಸು’ ಎಂದು ಬರೆಯುವುದುಂಟು. ಆದರೆ ಆ ಪದದಲ್ಲಿ ಅವಮಾನದ ಛಾಯೆಯಿದೆ. ಸರಕಿನ ಪತ್ರವ್ಯವಹಾರಕ್ಕೆ ‘ನಿರಾಕರಿಸು’ ಎಂಬುದೇ ಮೇಲು.

ಪದದ ಅರ್ಥ ಹಿಂದಕ್ಕೆ ಎಸೆಯುವುದಾದರೂ, ಕಾನೂನು ಅದನ್ನು ಅಪೇಕ್ಷಿಸುವುದಿಲ್ಲ. 1930ರ ಸರಕು ಮಾರಾಟ ಅಧಿನಿಯಮದ 43ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ನ್ಯಾಯವಾಗಿ ನಿರಾಕರಿಸಿದ ಸರಕನ್ನು ಹಿಂದಕ್ಕೆ ಕಳುಹಿಸುವ ಹೊಣೆ ಖರೀದಿದಾರನದಲ್ಲ. ಸ್ವೀಕರಿಸುವುದಿಲ್ಲವೆಂದು ತಿಳಿಸಿದರೆ ಸಾಕು. ಏನನ್ನೂ ತಿಳಿಸದೆ ಯುಕ್ತ ಕಾಲ ಮೀರಿ ಇಟ್ಟುಕೊಂಡರೆ, 42ನೆಯ ಪ್ರಕರಣದಂತೆ ಅದು ಸ್ವೀಕಾರವೇ.

ಆ ‘ಯುಕ್ತ ಕಾಲ’ ಎಷ್ಟೆಂಬುದು ಹಳೆಯ ತಕರಾರು. ಕಿರು ಹಾಗೂ ಸಣ್ಣ ಉತ್ಪಾದಕರ ಬಾಕಿ ಪಾವತಿಯ ಮಟ್ಟಿಗೆ 2006ರ ಎಂಎಸ್‌ಎಂಇಡಿ ಅಧಿನಿಯಮವು ಇದನ್ನು ಬಗೆಹರಿಸಿದೆ. ಅಲ್ಲಿ ಬಳಕೆಯಾಗಿರುವುದು ‘ರಿಜೆಕ್ಟ್’ ಅಲ್ಲ, ಅದರ ಸೋದರ ಪದ ‘ಅಬ್ಜೆಕ್ಷನ್’. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರನು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ಸರಕು ತಲುಪಿದ ದಿನವೇ ಸ್ವೀಕಾರದ ದಿನವಾಗುತ್ತದೆ. ಎರಡು ತಿಂಗಳ ನಂತರ ದೂರವಾಣಿಯಲ್ಲಿ ಹೇಳುವ ‘ರಿಜೆಕ್ಟ್’ ಈ ಗಡುವನ್ನು ಬದಲಿಸಲಾರದು. ಲಿಖಿತ ಆಕ್ಷೇಪಣೆ ಬಂದಿದ್ದರೆ ಮಾತ್ರ, ದೋಷ ಸರಿಪಡಿಸಿ ಆಕ್ಷೇಪಣೆ ನಿವಾರಿಸಿದ ದಿನದಿಂದ ಲೆಕ್ಕ. ಇ-ಮೇಲ್ ಸಹ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 4ನೆಯ ಪ್ರಕರಣದಂತೆ ಲಿಖಿತವೇ.

ಆದುದರಿಂದ ಡೆಲಿವರಿ ಚಲನ್ ಮೇಲೆ ಸಹಿ, ಮೊಹರುಗಳ ಜೊತೆಗೆ ದಿನಾಂಕವೂ ಇರತಕ್ಕದ್ದು. ಮೊಹರು ಹಾಕಿಸಿ ದಿನಾಂಕ ಬಿಡುವವರೇ ಹೆಚ್ಚು! ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ ಸ್ವೀಕಾರದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ.

ಕೊಂಡು ಮಾರುವ ವರ್ತಕರು ಒಂದು ವಿಷಯವನ್ನು ಗಮನಿಸಬೇಕು. 2021ರ ಜುಲೈಯಲ್ಲಿ ಅವರಿಗೂ ಉದ್ಯಮ್ ನೋಂದಣಿ ದೊರೆಯಿತಾದರೂ, ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತಗೊಳಿಸಲಾಯಿತು; ಅವರಿಗೆ ಆಧಾರ 1930ರ ಅಧಿನಿಯಮ ಮತ್ತು ತಮ್ಮ ಆರ್ಡರ್ ಪತ್ರದ ಷರತ್ತುಗಳು.